ದನಿ ಅವರದ್ದೇ, ಹಾಡಿದ್ದು ಅವರಲ್ಲ: ವ್ಯಕ್ತಿತ್ವದ ಹಕ್ಕಿನ ಕೇಸುಗಳು ಹೇಳುತ್ತಿರುವುದೇನು?

ಸೆಪ್ಟೆಂಬರ್ 2025ರಲ್ಲಿ ಒಂದರ ಹಿಂದೊಂದು ಸುದ್ದಿ ಬಂತು. ಐಶ್ವರ್ಯಾ ರೈ ಬಚ್ಚನ್ ದೆಹಲಿ ಹೈಕೋರ್ಟಿಗೆ ಹೋದರು. ಅಭಿಷೇಕ್ ಬಚ್ಚನ್ ಹೋದರು. ಕರಣ್ ಜೋಹರ್ ಹೋದರು. ಮೂವರೂ ಕೇಳಿಕೊಂಡಿದ್ದು ಹೆಚ್ಚುಕಡಿಮೆ ಒಂದೇ: ನನ್ನ ಹೆಸರು, ಫೋಟೊ, ದನಿಯನ್ನು ನನ್ನನ್ನು ಕೇಳದೆ ಯಾರೂ ದುಡ್ಡಿಗೆ ಬಳಸಬಾರದು. ಕೋರ್ಟು ಮೂವರಿಗೂ ಮಧ್ಯಂತರ ರಕ್ಷಣೆ ಕೊಟ್ಟಿತು.

ಓದಿದವರಿಗೆ ಗೊಂದಲ ಆಗಿದ್ದು ಸಹಜ. ಇಷ್ಟದ ನಟಿಯ ಫೋಟೊ ಹಾಕಿಕೊಳ್ಳೋದೂ ಇನ್ನು ತಪ್ಪಾ? ಮಿಮಿಕ್ರಿ ಮಾಡುವವರ ಗತಿ ಏನು? ಮೀಮ್ ಮಾಡಿದರೆ ನೋಟಿಸ್ ಬರುತ್ತಾ? ಆಟಗಾರ ಹೊಡೆದ ರನ್ನುಗಳ ಲೆಕ್ಕ ಬರೆಯೋಕೂ ಅನುಮತಿ ಬೇಕಾ?

ಇಲ್ಲ, ಅಷ್ಟು ದೂರ ಯಾವ ಕೋರ್ಟೂ ಹೋಗಿಲ್ಲ. ಆದರೆ ಗೆರೆ ಎಲ್ಲಿದೆ ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಯಾಕೆಂದರೆ ಈ ಹಕ್ಕನ್ನು ಯಾರೂ ಕೂತು ಒಂದೇ ಸಲಕ್ಕೆ ಬರೆದದ್ದಲ್ಲ. ಒಂದೊಂದು ಕೇಸಿನಲ್ಲಿ ಒಂದೊಂದು ತುಂಡು ಸೇರುತ್ತಾ ಬಂದಿದೆ.

ಕಾಪಿರೈಟ್ ಇದೆಯಲ್ಲ, ಅದು ಸಾಲದಾ?

ಸಾಲದು. ಕಾಪಿರೈಟ್ ಕಾಯುವುದು ಕೃತಿಯನ್ನು. ಬರೆದ ಹಾಡು, ಹಾಕಿದ ರಾಗ, ಮಾಡಿದ ರೆಕಾರ್ಡಿಂಗ್, ತೆಗೆದ ಸಿನಿಮಾ, ಇವೆಲ್ಲ ಅದರ ಕೆಳಗೆ ಬರುತ್ತವೆ. ಗಂಟಲು ಬರಲ್ಲ. ಒಬ್ಬ ಗಾಯಕಿಯ ಹಾಡನ್ನು ಕದ್ದರೆ ಕಾಪಿರೈಟ್ ಕೇಸು ಹಾಕಬಹುದು. ಅವಳು ಯಾವತ್ತೂ ಹಾಡದ ಹಾಡನ್ನು ಅವಳದೇ ದನಿಯಲ್ಲಿ ಹಾಡಿಸಿದರೆ ಕದ್ದದ್ದು ಯಾವ ಕೃತಿ?

ಎಐ ಬರುವುದಕ್ಕೆ ಎಷ್ಟೋ ವರ್ಷ ಮುಂಚೆಯೇ ಈ ಪ್ರಶ್ನೆ ಅಮೆರಿಕದ ಕೋರ್ಟಿಗೆ ಬಂದಿತ್ತು. ಫೋರ್ಡ್ ಕಂಪನಿಯ ಕಾರಿನ ಜಾಹೀರಾತಿಗೆ ಹಾಡಬೇಕು ಅಂತ ಜಾಹೀರಾತು ಸಂಸ್ಥೆಯೊಂದು ಹೆಸರಾಂತ ಗಾಯಕಿ ಬೆಟ್ ಮಿಡ್ಲರ್ ಅವರನ್ನು ಕೇಳಿತು. ಅವರು ಆಗಲ್ಲ ಅಂದರು. ಸಂಸ್ಥೆ ಅಲ್ಲಿಗೆ ಬಿಡಲಿಲ್ಲ. ಹಿಂದೆ ಮಿಡ್ಲರ್ ಜೊತೆ ಕೋರಸ್‌ನಲ್ಲಿ ಹಾಡುತ್ತಿದ್ದ ಗಾಯಕಿಯೊಬ್ಬರನ್ನು ಕರೆಸಿ, ಆದಷ್ಟೂ ಮಿಡ್ಲರ್ ಥರವೇ ಕೇಳಿಸುವ ಹಾಗೆ ಹಾಡಿ ಅಂದಿತು. ಹಾಡಿನ ಹಕ್ಕನ್ನು ಸಂಸ್ಥೆ ಸರಿಯಾಗಿಯೇ ಪಡೆದಿತ್ತು. ಮಿಡ್ಲರ್ ಹೆಸರನ್ನೂ ಹಾಕಿರಲಿಲ್ಲ, ಫೋಟೊವನ್ನೂ ಹಾಕಿರಲಿಲ್ಲ. ಅಂದರೆ ಕಾಪಿರೈಟ್ ಲೆಕ್ಕದಲ್ಲಿ ಎಲ್ಲವೂ ಸರಿ. ಆದರೂ ಜಾಹೀರಾತು ಬಂದ ಮೇಲೆ ಕೇಳಿದವರೆಲ್ಲ ಅವರೇ ಹಾಡಿದ್ದು ಅಂದುಕೊಂಡರು. 1988ರಲ್ಲಿ ಮೇಲ್ಮನವಿ ಕೋರ್ಟು ಮಿಡ್ಲರ್ ಪರ ನಿಂತಿತು. ಮುಖ ಎಷ್ಟು ಸ್ವಂತದ್ದೋ ದನಿಯೂ ಅಷ್ಟೇ ಸ್ವಂತದ್ದು ಅನ್ನುವುದು ಅದರ ತಿರುಳು. ಆಮೇಲೆ ಜ್ಯೂರಿ 4 ಲಕ್ಷ ಡಾಲರ್ ಪರಿಹಾರ ಕೊಡಿಸಿತು.

ಇದೇ ತೊಂದರೆ ಏಪ್ರಿಲ್ 2023ರಲ್ಲಿ ಮತ್ತೆ ಎದ್ದಿತು. ಡ್ರೇಕ್ ಮತ್ತು ದ ವೀಕೆಂಡ್ ಅನ್ನುವ ಗಾಯಕರ ದನಿಯನ್ನು ಎಐನಿಂದ ಅನುಕರಿಸಿದ ಹಾಡೊಂದು ಇದ್ದಕ್ಕಿದ್ದಂತೆ ಹರಡಿತು. ಮ್ಯೂಸಿಕ್ ಕಂಪನಿ ಅದನ್ನು ತೆಗೆಸಿತು. ಆದರೆ ಯೂಟ್ಯೂಬ್‌ನಿಂದ ತೆಗೆಸುವಾಗ ಕೈಗೆ ಸಿಕ್ಕ ಹಿಡಿ ಯಾವುದು ಗೊತ್ತಾ? ಹಾಡಿನ ಶುರುವಿನಲ್ಲಿದ್ದ, ನಿರ್ಮಾಪಕರೊಬ್ಬರ ಗುರುತಿನ ಒಂದು ಪುಟ್ಟ ಧ್ವನಿ ತುಣುಕು. ಅದು ನಿಜವಾದ ರೆಕಾರ್ಡಿಂಗ್, ಹಾಗಾಗಿ ಕಾಪಿರೈಟ್ ಅದಕ್ಕೆ ಅನ್ವಯಿಸುತ್ತಿತ್ತು. ಇಡೀ ಹಾಡಿನ ತುಂಬ ಇದ್ದ ನಕಲಿ ದನಿಗಳಿಗೆ ಅಷ್ಟು ಸುಲಭದ ದಾರಿ ಇರಲಿಲ್ಲ.

ಚೂಯಿಂಗ್ ಗಮ್ ಜೊತೆ ಹುಟ್ಟಿದ ಹಕ್ಕು

ಈ ಖಾಲಿ ಜಾಗ ತುಂಬಲು ಬಂದದ್ದೇ ವ್ಯಕ್ತಿತ್ವದ ಹಕ್ಕು. ಅದರ ಮೊದಲ ದೊಡ್ಡ ಕೇಸು ಶುರುವಾಗಿದ್ದು ಕ್ರೀಡೆಯಿಂದ, ಅದೂ ಚೂಯಿಂಗ್ ಗಮ್ ಮಾರುವವರ ಜಗಳದಿಂದ. ಅಮೆರಿಕದ ಬೇಸ್‌ಬಾಲ್ ಆಟಗಾರರು ತಮ್ಮ ಫೋಟೊ ಬಳಸುವ ಹಕ್ಕನ್ನು ಒಂದು ಕಂಪನಿಗೆ ಮಾತ್ರ ಕೊಟ್ಟಿದ್ದರು. ಟಾಪ್ಸ್ ಅನ್ನುವ ಪೈಪೋಟಿಯ ಕಂಪನಿ ಅದೇ ಆಟಗಾರರ ಫೋಟೊ ಬಳಸಿತು. ಫೋಟೊ ವಿಷಯದಲ್ಲಿ ಆಟಗಾರನಿಗೆ ಇರುವುದು ಖಾಸಗಿತನ ಅಷ್ಟೇ ತಾನೇ, ಅದನ್ನು ಮಾರೋಕೆ ಆಗುತ್ತಾ ಅನ್ನುವುದು ಪ್ರಶ್ನೆ. 1953ರಲ್ಲಿ ನ್ಯಾಯಾಧೀಶ ಜೆರೋಮ್ ಫ್ರಾಂಕ್ ಬೇರೆಯೇ ಉತ್ತರ ಕೊಟ್ಟರು. ಖಾಸಗಿತನ ಒಂದು, ಅದಲ್ಲದೆ ತನ್ನ ಚಿತ್ರಕ್ಕೆ ಇರುವ ಪ್ರಚಾರದ ಬೆಲೆಯ ಮೇಲೂ ಮನುಷ್ಯನಿಗೆ ಹಕ್ಕಿದೆ ಅಂದರು.

ಈ ಬೇರೆಬೇರೆ ಮಾಡಿದ್ದು ತುಂಬ ಮುಖ್ಯ. ಖಾಸಗಿತನ ಅಂದರೆ "ನನ್ನನ್ನು ನನ್ನ ಪಾಡಿಗೆ ಬಿಡಿ". ಪ್ರಚಾರದ ಹಕ್ಕು ಅಂದರೆ "ನನ್ನನ್ನು ತೋರಿಸಿ ದುಡಿಯುವುದಾದರೆ ನನ್ನನ್ನು ಕೇಳಿ". ಸದಾ ಕ್ಯಾಮೆರಾ ಮುಂದೆ ಇರುವವರಿಗೆ ಮೊದಲನೆಯದು ಅಷ್ಟಾಗಿ ಸಿಗಲ್ಲ. ಹಾಗಂತ ಎರಡನೆಯದನ್ನೂ ಬಿಟ್ಟುಕೊಡಬೇಕಾಗಿಲ್ಲ.

ಎಲ್ಲ ದೇಶಗಳೂ ಇದೇ ದಾರಿ ಹಿಡಿಯಲಿಲ್ಲ. ಇಂಗ್ಲೆಂಡಿನಲ್ಲಿ ಇವತ್ತಿಗೂ ಪ್ರತ್ಯೇಕ ವ್ಯಕ್ತಿತ್ವದ ಹಕ್ಕು ಇಲ್ಲ. ಜನರಿಗೆ ಮೋಸ ಆಗಿದೆ ಅಂತ ತೋರಿಸಬೇಕು. ಫಾರ್ಮುಲಾ ಒನ್ ಚಾಲಕ ಎಡ್ಡಿ ಇರ್ವಿನ್ ಮೊಬೈಲ್ ಹಿಡಿದು ನಿಂತ ಒಂದು ಫೋಟೊ ಇತ್ತು. ರೇಡಿಯೊ ಕಂಪನಿಯೊಂದು ಆ ಮೊಬೈಲನ್ನು ಅಳಿಸಿ, ಆ ಜಾಗಕ್ಕೆ ತನ್ನ ಹೆಸರಿರುವ ರೇಡಿಯೊ ಕೂರಿಸಿ ಪ್ರಚಾರಕ್ಕೆ ಬಳಸಿತು. ನೋಡಿದವರಿಗೆ ಇರ್ವಿನ್ ಆ ಸ್ಟೇಷನ್ ಕೇಳುತ್ತಿದ್ದಾರೆ, ಮೆಚ್ಚಿದ್ದಾರೆ ಅನ್ನಿಸುತ್ತಿತ್ತು. 2002ರಲ್ಲಿ ಇರ್ವಿನ್ ಗೆದ್ದರು. ಗೆದ್ದದ್ದು "ಮುಖ ನನ್ನದು" ಅಂತಲ್ಲ, "ಸುಳ್ಳು ಶಿಫಾರಸು ಮಾಡಿಸಿದ್ದಾರೆ" ಅಂತ.

ಭಾರತದಲ್ಲಿ ಈ ಹಕ್ಕಿಗೆ ಅಂತಲೇ ಬರೆದ ಕಾಯ್ದೆ ಇಲ್ಲ. ಕೋರ್ಟುಗಳು ಬೇರೆಬೇರೆ ಕಡೆಯಿಂದ ಎಳೆ ತಂದು ಹೆಣೆದಿವೆ. ಒಪ್ಪಿಗೆ ಇಲ್ಲದೆ ಒಬ್ಬರ ಹೆಸರು, ಚಹರೆಯನ್ನು ಜಾಹೀರಾತಿಗೆ ಬಳಸುವುದು ಖಾಸಗಿತನಕ್ಕೆ ಧಕ್ಕೆ ಅಂತ ಸುಪ್ರೀಂ ಕೋರ್ಟ್ 1994ರ ರಾಜಗೋಪಾಲ್ ಪ್ರಕರಣದಲ್ಲೇ ಹೇಳಿತ್ತು. ಖಾಸಗಿತನ ಮೂಲಭೂತ ಹಕ್ಕು ಅಂದ 2017ರ ಪುಟ್ಟಸ್ವಾಮಿ ತೀರ್ಪಿನಲ್ಲಿ ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್, ತನ್ನ ಗುರುತನ್ನು ದುಡ್ಡಿಗೆ ಬಳಸುವುದರ ಮೇಲೆ ವ್ಯಕ್ತಿಗೆ ಹಿಡಿತ ಇರಬೇಕು ಅಂತ ಬರೆದರು. ಇದಕ್ಕೆ ಟ್ರೇಡ್‌ಮಾರ್ಕ್ ಮತ್ತು ಕಾಪಿರೈಟ್ ಕಾಯ್ದೆಯ ಕೆಲವು ಕಲಂಗಳನ್ನು ಸೇರಿಸಿದರೆ ಈಗಿನ ಆದೇಶಗಳ ಬುನಾದಿ ಸಿಗುತ್ತದೆ. ಹೀಗೆ ಹೆಣೆದ ಬಟ್ಟೆಯಾದ್ದರಿಂದಲೇ ಒಂದು ಆದೇಶಕ್ಕೂ ಇನ್ನೊಂದಕ್ಕೂ ಅಳತೆ ಪೂರ್ತಿ ತಾಳೆಯಾಗುವುದಿಲ್ಲ.

ಎಐ ಬಂದ ಮೇಲೆ ಬದಲಾಗಿದ್ದೇನು

ಮಿಡ್ಲರ್ ದನಿ ನಕಲು ಮಾಡಲು ಅವರ ಜೊತೆ ವರ್ಷಗಟ್ಟಲೆ ಹಾಡಿದ್ದ ಇನ್ನೊಬ್ಬ ಗಾಯಕಿ ಬೇಕಾಗಿತ್ತು. ಸ್ಟುಡಿಯೊ ಬೇಕಾಗಿತ್ತು, ಜಾಹೀರಾತು ಸಂಸ್ಥೆ ಬೇಕಾಗಿತ್ತು. ಹಾಗಾಗಿ ಕೇಸು ಹಾಕಲು ಎದುರಿಗೊಬ್ಬರು ಇದ್ದರು. ಈಗ ಹಳೆಯ ರೆಕಾರ್ಡಿಂಗ್ ಒಂದಿಷ್ಟು ಸಿಕ್ಕರೆ ಸಾಕು, ಎಲ್ಲೋ ಕೂತವರು ಯಾರ ಬಾಯಿಂದ ಬೇಕಾದರೂ ಏನು ಬೇಕಾದರೂ ಹೇಳಿಸಬಹುದು. ನವೆಂಬರ್ 2023ರಲ್ಲಿ ಬೇರೊಬ್ಬ ಯುವತಿಯ ವಿಡಿಯೊಗೆ ರಶ್ಮಿಕಾ ಮಂದಣ್ಣ ಮುಖ ಅಂಟಿಸಿದ್ದರು. ಜನವರಿ 2024ರಲ್ಲಿ ಸಚಿನ್ ತೆಂಡೂಲ್ಕರ್ ಒಂದು ಗೇಮಿಂಗ್ ಆ್ಯಪ್ ಹೊಗಳುವ ನಕಲಿ ವಿಡಿಯೊ ಬಂತು, ಅದು ಸುಳ್ಳು ಅಂತ ಅವರೇ ಹೇಳಬೇಕಾಯಿತು. ಇಂಥದ್ದರಲ್ಲಿ ಮೋಸ ಹೋಗುವುದು ತಾರೆ ಒಬ್ಬರೇ ಅಲ್ಲ. ಆ ಮುಖ ನಂಬಿ ದುಡ್ಡು ಹಾಕುವ ಜನರೂ ಮುಳುಗುತ್ತಾರೆ.

ಕೋರ್ಟುಗಳು ಬೇಗ ಸ್ಪಂದಿಸಿದವು ಅನ್ನುವುದನ್ನು ಒಪ್ಪಿಕೊಳ್ಳಬೇಕು. ಅನಿಲ್ ಕಪೂರ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ ಸೆಪ್ಟೆಂಬರ್ 2023ರಲ್ಲಿ ಹೆಸರು, ಚಿತ್ರ, ದನಿಯ ಜೊತೆಗೆ ಅವರ 'ಝಕಾಸ್' ಅನ್ನುವ ಮಾತಿಗೂ ರಕ್ಷಣೆ ಕೊಟ್ಟಿತು. ಜುಲೈ 2024ರಲ್ಲಿ ಬಾಂಬೆ ಹೈಕೋರ್ಟ್ ಅರಿಜಿತ್ ಸಿಂಗ್ ಪ್ರಕರಣದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಯಾರ ಮಾತನ್ನಾದರೂ ಅರಿಜಿತ್ ದನಿಗೆ ತಿರುಗಿಸಿಕೊಡುವ ಉಪಕರಣವನ್ನು ಒಪ್ಪಿಗೆ ಇಲ್ಲದೆ ಜನರ ಕೈಗೆ ಕೊಡುವುದೇ ಹಕ್ಕಿನ ಉಲ್ಲಂಘನೆ ಅಂತ ಹೇಳಿತು. ಅಂದರೆ ನಕಲಿ ಹಾಡು ಹಾಕಿದವನ ಜೊತೆ, ಹಾಡಿಸುವ ಯಂತ್ರ ಕೊಟ್ಟವನೂ ಉತ್ತರ ಹೇಳಬೇಕು. ನನ್ನ ಲೆಕ್ಕದಲ್ಲಿ ಈ ಸಾಲಿನ ಆದೇಶಗಳಲ್ಲಿ ಅತಿ ದೂರ ಹೋಗುವಂಥದ್ದು ಇದೇ.

ಎದುರಾಳಿ ಯಾರೆಂದೇ ಗೊತ್ತಿಲ್ಲದಾಗ ಏನು ಮಾಡುತ್ತಾರೆ? ಅದಕ್ಕೂ ಒಂದು ಪದ್ಧತಿ ಇದೆ. ಬೇರೆ ದೇಶಗಳಲ್ಲಿ 'ಜಾನ್ ಡೋ', ಇಲ್ಲಿ 'ಅಶೋಕ್ ಕುಮಾರ್' ಅನ್ನುವ ಹೆಸರಿನಲ್ಲಿ ಅಜ್ಞಾತ ವ್ಯಕ್ತಿಯ ಮೇಲೆ ಆದೇಶ ಹೊರಡುತ್ತದೆ. ಆದೇಶ ಹಿಡಿದು ಗೂಗಲ್ಲಿಗೋ ಮೆಟಾಗೋ ಹೋಗಿ ಕೊಂಡಿ ತೆಗೆಸುತ್ತಾರೆ.

ಮಿಮಿಕ್ರಿ, ಮೀಮ್, ರನ್ನುಗಳ ಲೆಕ್ಕ

ಇನ್ನೊಂದು ಬದಿಯ ವಾದವೂ ಗಟ್ಟಿ ಇದೆ. ಹೆಸರಾದವರನ್ನು ಅಣಕಿಸುವುದು, ಟೀಕಿಸುವುದು, ಅವರ ಬದುಕಿನ ಮೇಲೆ ಸಿನಿಮಾ ಮಾಡುವುದು ಮಾತಾಡುವ ಸ್ವಾತಂತ್ರ್ಯದ ಭಾಗ. ಮುಖಕ್ಕೆಲ್ಲ ಬೇಲಿ ಹಾಕಿದರೆ ಟೀಕೆಗೂ ಬೇಲಿ ಬೀಳುತ್ತದೆ. ದಲೇರ್ ಮೆಹಂದಿ ಅವರ ಹಾಗೆ ಹಾಡುವ ಗೊಂಬೆಗಳ ಮಾರಾಟವನ್ನು 2010ರಲ್ಲಿ ತಡೆದಾಗಲೇ ದೆಹಲಿ ಹೈಕೋರ್ಟ್ ಈ ಎಚ್ಚರಿಕೆ ಕೊಟ್ಟಿತ್ತು. ವ್ಯಂಗ್ಯಚಿತ್ರ, ಅಣಕಗಳನ್ನು ಈ ಹಕ್ಕಿನ ಹೆಸರಲ್ಲಿ ಮುಚ್ಚಿಸುವ ಹಾಗಿಲ್ಲ ಅಂತ. ಮೇ 2024ರಲ್ಲಿ ಜಾಕಿ ಶ್ರಾಫ್ ಪರ ಆದೇಶ ಕೊಡುವಾಗಲೂ, ಅವರ ಸಂದರ್ಶನದ ತುಣುಕನ್ನು ಹಾಸ್ಯಕ್ಕೆ ಬಳಸಿದ ಒಂದು ಯೂಟ್ಯೂಬ್ ವಿಡಿಯೊವನ್ನು ಕೋರ್ಟು ತಕ್ಷಣ ತೆಗೆಸಲು ಒಪ್ಪಲಿಲ್ಲ.

ರನ್ನುಗಳ ಲೆಕ್ಕದ ವಿಷಯದಲ್ಲಂತೂ ಉತ್ತರ ಬಹುಪಾಲು ಸ್ಪಷ್ಟ. ಬೇಸ್‌ಬಾಲ್ ಆಟಗಾರರ ಹೆಸರು ಮತ್ತು ಅಂಕಿಅಂಶ ಬಳಸಿ ಫ್ಯಾಂಟಸಿ ಆಟ ನಡೆಸುವುದು ವಾಕ್ ಸ್ವಾತಂತ್ರ್ಯದ ರಕ್ಷಣೆಯಲ್ಲಿ ಬರುತ್ತದೆ ಅಂತ ಅಮೆರಿಕದ ಮೇಲ್ಮನವಿ ಕೋರ್ಟು 2007ರಲ್ಲಿ ಹೇಳಿತು. ಏಪ್ರಿಲ್ 2023ರಲ್ಲಿ ಕ್ರಿಕೆಟಿಗರ ಡಿಜಿಟಲ್ ಕಾರ್ಡುಗಳ ಜಗಳದಲ್ಲಿ ದೆಹಲಿ ಹೈಕೋರ್ಟ್ ಕೂಡ ಅದೇ ಹಾದಿಯಲ್ಲಿ ನಡೆಯಿತು. ಎಲ್ಲರಿಗೂ ಗೊತ್ತಿರುವ ಆಟದ ಮಾಹಿತಿಯ ಮೇಲೆ ಯಾರೂ ಒಡೆತನ ಸಾಧಿಸಲಾಗದು ಅಂತ.

ಇವನ್ನೆಲ್ಲ ಪಕ್ಕಪಕ್ಕ ಇಟ್ಟು ನೋಡಿದರೆ ನನಗೆ ಕಾಣುವ ಗೆರೆ ಇದು. ಒಬ್ಬರ ಬಗ್ಗೆ ಮಾತಾಡುವುದು ಬೇರೆ, ಅವರ ಬಾಯಿಂದಲೇ ಮಾತಾಡಿಸುವುದು ಬೇರೆ. ವೇದಿಕೆ ಮೇಲೆ ಮಿಮಿಕ್ರಿ ಮಾಡುವವರನ್ನು ನೋಡಿ ಜನ ನಗುತ್ತಾರೆ, ಯಾಕೆಂದರೆ ಅದು ಮಿಮಿಕ್ರಿ ಅಂತ ಅವರಿಗೆ ಗೊತ್ತು. ಎಐ ದನಿ ಕೇಳಿದವರಿಗೆ ಆ ಗೊತ್ತು ಇರಲ್ಲ, ಅಲ್ವಾ? ತಪ್ಪು ಇರುವುದು ಅನುಕರಣೆಯಲ್ಲಲ್ಲ. ಕೇಳುವವರಿಗೂ ಗೊತ್ತಿಲ್ಲದೆ, ದನಿಯ ಒಡೆಯರಿಗೂ ಗೊತ್ತಿಲ್ಲದೆ ಅವರ ಜಾಗದಲ್ಲಿ ಇನ್ನೊಂದನ್ನು ಕೂರಿಸುವುದರಲ್ಲಿ.

ಹೆಸರಿಲ್ಲದ ಬೋಳು ತಲೆಯ ಆಟಗಾರ

ಆದರೆ ಈ ಗೆರೆ ಕ್ರೀಡೆಯಲ್ಲಿ ಬೇಗ ಮಸುಕಾಗುತ್ತದೆ. ಎಡ್ ಒಬ್ಯಾನನ್ 1995ರಲ್ಲಿ ಯುಸಿಎಲ್‌ಎ ಕಾಲೇಜು ತಂಡವನ್ನು ಬ್ಯಾಸ್ಕೆಟ್‌ಬಾಲ್ ಚಾಂಪಿಯನ್ ಮಾಡಿದವರು. ಎಷ್ಟೋ ವರ್ಷದ ಮೇಲೆ ಗೆಳೆಯನ ಮನೆಗೆ ಹೋದಾಗ ಅಲ್ಲಿ ಹುಡುಗ ವಿಡಿಯೊ ಗೇಮ್ ಆಡುತ್ತಿದ್ದ. ಪರದೆ ಮೇಲೆ ಅದೇ ತಂಡ. ಅದೇ ಬೋಳು ತಲೆ, ಎಡಗೈ ಆಟ, ಬೆನ್ನ ಮೇಲೆ 31ನೇ ನಂಬರ್. ಹೆಸರೊಂದು ಬಿಟ್ಟು ಎಲ್ಲ ಅವರೇ. ಗೇಮ್ ಕಂಪನಿ ಅವರನ್ನು ಕೇಳಿರಲಿಲ್ಲ, ಒಂದು ಕಾಸೂ ಕೊಟ್ಟಿರಲಿಲ್ಲ. ಕಾಲೇಜು ಆಟಗಾರರು ದುಡ್ಡು ಮುಟ್ಟಬಾರದು ಅನ್ನುವುದು ಅಮೆರಿಕದ ಕಾಲೇಜು ಕ್ರೀಡೆಗಳನ್ನು ನೋಡಿಕೊಳ್ಳುವ ಎನ್‌ಸಿಎಎ ಸಂಸ್ಥೆಯ ಹಳೆಯ ನಿಯಮ. 2009ರಲ್ಲಿ ಅವರು ಕೇಸು ಹಾಕಿದರು.

ಆ ಒಂದು ಸಂಜೆಯಿಂದ ಹೊರಟ ಜಗಳ ಎಲ್ಲಿಗೆ ಬಂದು ನಿಂತಿತು ನೋಡಿ. ಆಟಗಾರನನ್ನು ಅವನು ಹೆಸರು ಮಾಡಿದ ಅದೇ ಮೈದಾನದಲ್ಲಿ, ಅದೇ ಆಟ ಆಡಿಸಿ ತೋರಿಸಿದರೆ ಅದರಲ್ಲಿ ಹೊಸ ಸೃಷ್ಟಿ ಏನೂ ಇಲ್ಲ ಅಂತ 2013ರಲ್ಲಿ ಮೇಲ್ಮನವಿ ಕೋರ್ಟು ಇನ್ನೊಂದು ಕೇಸಿನಲ್ಲಿ ಗೇಮ್ ಕಂಪನಿಯ ವಾದ ತಳ್ಳಿಹಾಕಿತು. ಜುಲೈ 2021ರಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಚಹರೆಯಿಂದ ದುಡಿಯಬಹುದು ಅಂತಾಯಿತು. ಜೂನ್ 2025ರಲ್ಲಿ ಒಪ್ಪಿಗೆ ಸಿಕ್ಕ ರಾಜಿ ಒಪ್ಪಂದದ ಪ್ರಕಾರ ಹಿಂದಿನ ಆಟಗಾರರಿಗೆ ಸುಮಾರು 280 ಕೋಟಿ ಡಾಲರ್ ಪರಿಹಾರ 10 ವರ್ಷಗಳಲ್ಲಿ ಹೋಗಬೇಕು. ಕಾಲೇಜುಗಳು ಈಗ ಆಟಗಾರರಿಗೆ ನೇರವಾಗಿಯೂ ಹಣ ಕೊಡಬಹುದು, ಮೊದಲ ವರ್ಷಕ್ಕೆ ಒಂದೊಂದು ಕಾಲೇಜಿನ ಮಿತಿ ಸುಮಾರು 2 ಕೋಟಿ ಡಾಲರ್.

ಒಂದು ವಿಷಯ ಗಮನಿಸಬೇಕು. ಅಂಕಿಅಂಶ ಬಳಸಿದರೆ ತಪ್ಪಿಲ್ಲ, ಆಟಗಾರನನ್ನೇ ಮತ್ತೆ ಆಡಿಸಿದರೆ ತಪ್ಪು. ಹಾಗಾದರೆ ಅವನು ಓಡುವ ರೀತಿ, ಹೃದಯ ಬಡಿತ, ಪ್ರತಿ ಹೆಜ್ಜೆಯ ಅಳತೆ ಸೆನ್ಸರ್‌ನಲ್ಲಿ ದಾಖಲಾಗಿ, ಅದರಿಂದ ಅವನ ನಕಲು ತಯಾರಾದರೆ? ಅದು ಲೆಕ್ಕವೋ, ಮನುಷ್ಯನೋ? ಮುಂದಿನ ಕೇಸುಗಳು ಇಲ್ಲಿಂದ ಬರುತ್ತವೆ.

ಸಹಿ ಹಾಕುವ ಹೊತ್ತಿನ ಒಂದು ಸಾಲು

ಇಲ್ಲಿಯವರೆಗೆ ಮಾತಾಡಿದ್ದು ಒಪ್ಪಿಗೆ ಇಲ್ಲದೆ ಬಳಸಿದವರ ಬಗ್ಗೆ. ಕಾಗದದ ಮೇಲೆ ಒಪ್ಪಿಗೆ ಇದ್ದರೆ? ನನ್ನ ಪ್ರಕಾರ ನಿಜವಾದ ಅಪಾಯ ಇರುವುದು ಇಲ್ಲೇ, ಸುದ್ದಿಯಲ್ಲಿ ಇದು ಜಾಸ್ತಿ ಬರುವುದಿಲ್ಲ.

ಮನರಂಜನಾ ಉದ್ಯಮದ ಕರಾರುಗಳಲ್ಲಿ ಹಳೆಯ ಒಂದು ಸಾಲು ಇರುತ್ತದೆ: ಈಗಿರುವ ಮತ್ತು ಮುಂದೆ ಬರಬಹುದಾದ ಎಲ್ಲ ಮಾಧ್ಯಮಗಳಲ್ಲಿ, ಇಡೀ ವಿಶ್ವದಲ್ಲಿ, ಶಾಶ್ವತವಾಗಿ. ಟಿವಿ, ಕ್ಯಾಸೆಟ್, ಸಿಡಿ ಕಾಲದಲ್ಲಿ ಇದರ ಅರ್ಥ ಆ ಒಂದು ಸಿನಿಮಾವನ್ನು ಎಲ್ಲಿ ಬೇಕಾದರೂ ತೋರಿಸಬಹುದು ಅಂತ. ಈಗ ಅದೇ ಸಾಲಿಗೆ, ಆ ರೆಕಾರ್ಡಿಂಗ್‌ನಿಂದ ದನಿ ಕಲಿಸಿ ಹೊಸ ಮಾತು ಆಡಿಸಬಹುದು ಅನ್ನುವ ಅರ್ಥ ಹಚ್ಚಲು ಸಾಧ್ಯ. ಹತ್ತು ವರ್ಷದ ಹಿಂದೆ ಸಹಿ ಹಾಕಿದ ಡಬ್ಬಿಂಗ್ ಕಲಾವಿದೆಗೆ ಇದು ಕನಸಲ್ಲೂ ಹೊಳೆದಿರಲು ಸಾಧ್ಯವಿಲ್ಲ. ಭಾರತದ ಕಾಪಿರೈಟ್ ಕಾಯ್ದೆಯ 2012ರ ತಿದ್ದುಪಡಿಯಲ್ಲಿ ಇದಕ್ಕೊಂದು ತಡೆ ಇದೆ. ಕರಾರು ಮಾಡಿಕೊಂಡಾಗ ಇಲ್ಲದ ಬಳಕೆಯ ವಿಧಾನಕ್ಕೆ, ಅದನ್ನು ಹೆಸರಿಸಿ ಬರೆದಿರದಿದ್ದರೆ, ಹಕ್ಕು ಹೋಗುವುದಿಲ್ಲ. ಆದರೆ ಅದು ಬರೆದದ್ದು ಕೃತಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ದನಿಯ ನಕಲಿಗೆ ಎಷ್ಟು ದೂರ ಎಳೆಯಬಹುದು ಅನ್ನುವುದು ವಾದದ ವಿಷಯ.

ಅದೇ ಕಾಯ್ದೆ ಪ್ರದರ್ಶಕರು ಯಾರು ಅಂತ ಪಟ್ಟಿ ಕೊಡುತ್ತದೆ. ನಟ, ಗಾಯಕ, ನರ್ತಕ, ದೊಂಬರಾಟದವರು, ಜಾದೂಗಾರ, ಹಾವಾಡಿಗ, ಉಪನ್ಯಾಸ ಮಾಡುವವರು, ಎಲ್ಲರೂ ಇದ್ದಾರೆ. ಆದರೆ ಸಿನಿಮಾದಲ್ಲಿ ಸುಮ್ನೆ ಬಂದು ಹೋಗುವ, ಟೈಟಲ್ ಕಾರ್ಡಿನಲ್ಲಿ ಹೆಸರು ಬಾರದ ಸಹಕಲಾವಿದರನ್ನು ಹೊರಗಿಟ್ಟಿದೆ. ತಮ್ಮ ಪಾತ್ರವನ್ನು ವಿರೂಪಗೊಳಿಸಿದರೆ ತಡೆಯುವ ಹಕ್ಕೊಂದು ಮಾತ್ರ ಅವರಿಗೆ ಉಳಿದಿದೆ.

ಈ ಗುಂಪಿನವರ ಮೇಲೆಯೇ ಹೊಡೆತ ಮೊದಲು ಬೀಳುವುದು. 2023ರಲ್ಲಿ ಅಮೆರಿಕದ ನಟರ ಸಂಘ 118 ದಿನ ಮುಷ್ಕರ ಮಾಡಿದಾಗ ಇದೇ ದೊಡ್ಡ ವಿಷಯ. ಹಿನ್ನೆಲೆ ಕಲಾವಿದರನ್ನು ಒಂದು ದಿನದ ಸಂಬಳ ಕೊಟ್ಟು ಸ್ಕ್ಯಾನ್ ಮಾಡಿ, ಆ ನಕಲನ್ನು ಎಂದೆಂದಿಗೂ ಬಳಸುವ ಪ್ರಸ್ತಾಪ ಇಟ್ಟಿದ್ದಾರೆ ಅಂತ ಸಂಘ ದೂರಿತು. ಸ್ಟುಡಿಯೊಗಳು ಹಾಗಲ್ಲ ಅಂದವು. ಕೊನೆಗೆ ಬಂದ ಒಪ್ಪಂದದಲ್ಲಿ, ಡಿಜಿಟಲ್ ನಕಲು ಮಾಡಲು ಸ್ಪಷ್ಟ ಒಪ್ಪಿಗೆ ಬೇಕು, ಯಾವುದಕ್ಕೆ ಬಳಸುತ್ತೇವೆ ಅಂತ ವಿವರಿಸಬೇಕು ಅನ್ನುವುದು ಸೇರಿತು. ವಿಡಿಯೊ ಗೇಮ್‌ಗಳಿಗೆ ದನಿ ಕೊಡುವವರು ಇದಕ್ಕಾಗಿ ಮತ್ತೆ ಜುಲೈ 2024ರಿಂದ ಸುಮಾರು 11 ತಿಂಗಳು ಕೆಲಸ ನಿಲ್ಲಿಸಬೇಕಾಯಿತು. ಸಂಘ ಇದ್ದದ್ದಕ್ಕೆ ಅಷ್ಟಾದರೂ ಸಿಕ್ಕಿತು.

ಸತ್ತವರ ಮುಖ

ಇಲ್ಲಿ ದೇಶಕ್ಕೊಂದು ಉತ್ತರ. ಕ್ಯಾಲಿಫೋರ್ನಿಯಾದಲ್ಲಿ ಹಕ್ಕು ಸಾವಿನ ನಂತರ 70 ವರ್ಷ ವಾರಸುದಾರರ ಕೈಯಲ್ಲಿರುತ್ತದೆ. ಜರ್ಮನಿಯಲ್ಲಿ ಅದರ ವ್ಯಾಪಾರಿ ಭಾಗ 10 ವರ್ಷ. ಭಾರತದಲ್ಲಿ ಸುಶಾಂತ್ ಸಿಂಗ್ ರಜಪೂತ್ ಅವರ ತಂದೆ ಹೂಡಿದ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2023ರಲ್ಲಿ, ಈ ಹಕ್ಕು ವ್ಯಕ್ತಿಯ ಜೊತೆಯೇ ಮುಗಿಯುತ್ತದೆ ಅಂತ ಹೇಳಿತು. ಅದು ಬದುಕಿನ ಕಥೆ ಆಧರಿಸಿದ ಸಿನಿಮಾದ ವಿಷಯ. ತೀರಿಹೋದ ಗಾಯಕರಿಂದ ಎಐ ಮೂಲಕ ಹೊಸ ಹಾಡು ಹಾಡಿಸಿದರೂ ಅದೇ ತರ್ಕ ಒಪ್ಪಬೇಕಾ? ಒಪ್ಪಬಾರದು ಅಂತಲೇ ನನಗನ್ನಿಸುತ್ತದೆ. ಕಥೆ ಹೇಳುವುದೂ ದನಿ ಎಬ್ಬಿಸುವುದೂ ಒಂದೇ ಅಲ್ಲ.

ಇದರಿಂದ ಮುಂದೆ ಆಗುವುದೇನು

ಮೊದಲನೆಯದಾಗಿ, ವೇದಿಕೆಗಳು ಎಚ್ಚರಿಕೆಯ ಕಡೆಗೇ ವಾಲುತ್ತವೆ. ಆದೇಶ ಬಂದರೆ ಗಂಟೆಗಳ ಲೆಕ್ಕದಲ್ಲಿ ತೆಗೆಯಬೇಕಾದಾಗ, ಯಾವುದು ಅಣಕ ಯಾವುದು ಮೋಸ ಅಂತ ಕೂತು ತೂಗುವವರು ಇರಲ್ಲ. ಎರಡನ್ನೂ ತೆಗೆದುಬಿಡುತ್ತಾರೆ. ಹಾಗಾಗಿ ಮೀಮ್ ಮಾಡುವವರ ಭಯ ಪೂರ್ತಿ ಸುಳ್ಳಲ್ಲ. ತೀರ್ಪು ಅವರ ಪರ ಇದ್ದರೂ ವಿಡಿಯೊ ಹೋಗಿರುತ್ತದೆ.

ಆಮೇಲೆ ಪರಿಹಾರದ ಮಿತಿ. ಕೋರ್ಟು ಕೊಂಡಿ ತೆಗೆಸಬಹುದು, ಸೈಟು ಮುಚ್ಚಿಸಬಹುದು. ಒಮ್ಮೆ ತಯಾರಾದ ದನಿಯ ಮಾದರಿ ಒಂದು ಕಡತ ಅಷ್ಟೇ. ಅದು ಹತ್ತು ಕಂಪ್ಯೂಟರ್‌ಗೆ ಇಳಿದ ಮೇಲೆ ಯಾವ ಆದೇಶವೂ ಎಲ್ಲವನ್ನೂ ಹುಡುಕಿ ಅಳಿಸಲಾಗದು. ಅದಕ್ಕೇ ಅರಿಜಿತ್ ಪ್ರಕರಣದ ಹಾಗೆ ಉಪಕರಣದ ಹಂತದಲ್ಲೇ ಹಿಡಿಯುವುದು ಹೆಚ್ಚು ಉಪಯೋಗದ್ದು.

ಎಲ್ಲಕ್ಕಿಂತ ದೊಡ್ಡದು, ಈ ರಕ್ಷಣೆ ಯಾರಿಗೆ ಸಿಗುತ್ತದೆ ಅನ್ನುವುದು. ಒಬ್ಬೊಬ್ಬರೂ ಹೈಕೋರ್ಟಿಗೆ ಹೋಗಿ ಹಕ್ಕು ಪಡೆಯುವ ಪದ್ಧತಿಯಲ್ಲಿ, ಹೋಗಲು ಶಕ್ತಿ ಇದ್ದವರಿಗಷ್ಟೇ ಅದು ದಕ್ಕುತ್ತದೆ. ಕೆಲವು ಕಡೆ ಇದನ್ನು ಕಾಯ್ದೆಯಲ್ಲೇ ಸರಿಪಡಿಸಲು ಹೊರಟಿದ್ದಾರೆ. ಅಮೆರಿಕದ ಟೆನೆಸಿ ರಾಜ್ಯ ಜುಲೈ 2024ರಿಂದ ದನಿಯನ್ನು ಕಾಯ್ದೆಯ ರಕ್ಷಣೆಗೆ ತಂದಿದೆ. ಡೆನ್ಮಾರ್ಕ್ ಸರ್ಕಾರ 2025ರಲ್ಲಿ ಮುಂದಿಟ್ಟ ಪ್ರಸ್ತಾಪ, ಹೆಸರಾದವರು ಅಂತ ನೋಡದೆ ಎಲ್ಲರಿಗೂ ತಮ್ಮ ಮುಖ ಮತ್ತು ದನಿಯ ನಕಲಿನ ವಿರುದ್ಧ ಹಕ್ಕು ಕೊಡುತ್ತದೆ. ಭಾರತ ಸರ್ಕಾರ ಅಕ್ಟೋಬರ್ 2025ರಲ್ಲಿ ಹೊರಡಿಸಿದ ಕರಡು ನಿಯಮ, ಎಐನಿಂದ ಮಾಡಿದ ಚಿತ್ರದ ಕನಿಷ್ಠ 10 ಶೇಕಡಾ ಜಾಗದಲ್ಲಿ, ಆಡಿಯೊ ಆದರೆ ಮೊದಲ 10 ಶೇಕಡಾ ಅವಧಿಯಲ್ಲಿ ಗುರುತು ಹಾಕಬೇಕು ಅಂತ ಹೇಳಿತು. ಕೇಳುವವರಿಗೆ ನಕಲಿ ಅಂತ ಗೊತ್ತಾಗಲು ಇದು ಒಳ್ಳೆಯದೇ. ಆದರೆ ಗುರುತು ಹಾಕಿದ ಮಾತ್ರಕ್ಕೆ ದನಿ ಬಳಸಲು ಒಪ್ಪಿಗೆ ಸಿಕ್ಕ ಹಾಗಾಗುವುದಿಲ್ಲ.

ಅಲ್ಲಿಯವರೆಗೆ ಉಳಿಯುವುದು ಕರಾರು. ದನಿ ಕೊಡುವವರು, ನಟಿಸುವವರು, ಪ್ರಾಯೋಜಕರ ಜೊತೆ ಸಹಿ ಹಾಕುವ ಆಟಗಾರರು ನಾಲ್ಕು ವಿಷಯ ನೋಡಲೇಬೇಕು. ಇದು ಯಾವ ಒಂದು ಕೆಲಸಕ್ಕೆ? ಎಷ್ಟು ವರ್ಷಕ್ಕೆ? ಎಐ ಕಲಿಕೆಗೆ ಬಳಸುತ್ತಾರಾ? ನಕಲಿನಿಂದ ಬಂದ ಹಣದಲ್ಲಿ ಪಾಲು ಇದೆಯಾ? ಎಐ ಕಲಿಕೆಗೆ ಬಳಸುವ ಹಾಗಿಲ್ಲ ಅನ್ನುವ ಸಾಲು ಅಚ್ಚಾದ ಪ್ರತಿಯಲ್ಲಿ ಇಲ್ಲದಿದ್ದರೆ ಪೆನ್ನಿನಿಂದಲೇ ಬರೆದು, ಪಕ್ಕದಲ್ಲಿ ಇಬ್ಬರೂ ಸಹಿ ಹಾಕಬಹುದು. ಅದಕ್ಕೂ ಕಾನೂನಿನಲ್ಲಿ ಬೆಲೆ ಇದೆ.